ಓದಲಾಗದ ಸಿಡಿಯ ಪಾಠ: ಯಾದಗಿರಿ, ಶಹಾಪುರ, ಸುರಪುರಗಳ ಆಡುಮಾತಿನ ದಾಖಲೆ ಮತ್ತು ಧ್ವನಿ ಮರುಗಳಿಕೆಯ ವಿಮರ್ಶೆ

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ಸಂರಕ್ಷಣೆಯನ್ನು ಕುರಿತ ಬರಹಗಳಲ್ಲಿ ಸ್ಪೂಲ್ ಟೇಪಿಗೂ ಕ್ಯಾಸೆಟ್ಟಿಗೂ ದೊರೆತಿರುವ ಗಮನ ರೈಟ್ ಮಾಡಿದ ಸಿಡಿಗೆ ದೊರೆತಿಲ್ಲ. ಕ್ಯಾಸೆಟ್ಟು ಹಾಳಾಗುತ್ತದೆ, ಸಿಡಿ ಉಳಿಯುತ್ತದೆ ಎಂಬ ನಂಬಿಕೆಯಿಂದ 1990ರ ದಶಕದ ಕೊನೆಯ ವರ್ಷಗಳಿಂದ ಮುಂದಿನ ಒಂದು ದಶಕದವರೆಗೆ ಎಷ್ಟೋ ಸಂದರ್ಶನಗಳು, ಕತೆಗಳು, ಹಾಡುಗಳು ಕ್ಯಾಸೆಟ್ಟಿನಿಂದ ಸಿಡಿಗೆ ವರ್ಗಗೊಂಡವು. ಎಷ್ಟೋ ಸಲ ಊರಿನ ಫೋಟೊ ಸ್ಟುಡಿಯೋದಲ್ಲಿಯೇ ಆ ಕೆಲಸ ನಡೆಯಿತು. ಇಂದು ಕ್ಯಾಸೆಟ್ಟು ಕರಕರ ಎನ್ನುತ್ತಲಾದರೂ ಹಾಡುತ್ತದೆ, ಸಿಡಿ ಬಾಯಿ ಬಿಡುವುದಿಲ್ಲ. ಅಂಥ ಸಿಡಿಯಿಂದ ಧ್ವನಿಯನ್ನು ಹೊರತೆಗೆಯುವ ತಂತ್ರಗಳು ಸಾಕಷ್ಟು ಬೆಳೆದಿವೆ, ಅವುಗಳ ಫಲವನ್ನು ಭಾಷಾವಿಜ್ಞಾನಿಗಳು ಕೃತಜ್ಞತೆಯಿಂದ ಬಳಸುತ್ತಿದ್ದಾರೆ. ಹೀಗೆ ಹೊರಬಂದ ಧ್ವನಿಕಡತವನ್ನು ಮೂಲ ಧ್ವನಿಮುದ್ರಣವೆಂದೇ ಎಣಿಸಿ ಅದರ ಮೇಲೆ ಧ್ವನಿವಿಜ್ಞಾನದ ಅಳತೆಗಳನ್ನೂ ಉಪಭಾಷೆಯ ಗಡಿಗಳನ್ನೂ ನಿರ್ಧರಿಸುವ ರೂಢಿಯೇ ಈ ಲೇಖನದ ವಿಮರ್ಶೆಗೆ ವಸ್ತು. ಮರುಗಳಿಸಿದ ಕಡತ ಒಂದು ಸಂಪಾದಿತ ಪಾಠ. ಅದನ್ನು ಓದುವಾಗ ಸಂಪಾದಿತ ಪಾಠಕ್ಕೆ ಸಲ್ಲುವ ಎಚ್ಚರ ಸಲ್ಲಬೇಕು ಎಂಬುದು ನಮ್ಮ ನಿಲುವು.

ಯಾದಗಿರಿ, ಶಹಾಪುರ, ಸುರಪುರಗಳನ್ನು ನಿದರ್ಶನವಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯಲ್ಲಿ ದ್ರಾವಿಡ ಭಾಷೆಗಳನ್ನು ಒಳಗೊಂಡ ನಾಲ್ಕನೆಯ ಸಂಪುಟ ಸ್ಟೆನ್ ಕೊನೋ ಅವರ ಕೈಯಲ್ಲಿ ಸಿದ್ಧವಾಗಿ 1906ರಲ್ಲಿ ಪ್ರಕಟವಾಯಿತು. ಆದರೆ ಮದ್ರಾಸು, ಮೈಸೂರುಗಳಂತೆ ನಿಜಾಮರ ಹೈದರಾಬಾದು ಕೂಡ ಆ ಸಮೀಕ್ಷೆಯ ಕ್ರಮಬದ್ಧ ವ್ಯಾಪ್ತಿಯಿಂದ ಹೊರಗುಳಿದಿತ್ತು. 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ಈ ಮೂರು ತಾಲೂಕುಗಳ ಮಾತು ಹೀಗೆ ಮೊದಲ ದೊಡ್ಡ ದಾಖಲೆಯನ್ನೇ ತಪ್ಪಿಸಿಕೊಂಡಿತು. ಡೆಕ್ಕನ್ ಕಾಲೇಜಿನ ಉಪಭಾಷಾ ಅಧ್ಯಯನಗಳ ಸಾಲಿನಲ್ಲಿ 1968ರಲ್ಲಿ ಬಂದ ಆರ್. ಮಹಾದೇವನ್ ಅವರ 'ಗುಲ್ಬರ್ಗಾ ಕನ್ನಡ' ಈ ಭಾಗದ ಕನ್ನಡಕ್ಕೆ ದೊರೆತ ಅಪರೂಪದ ಶಾಸ್ತ್ರೀಯ ವಿವರಣೆ. ಅದು ಮುದ್ರಿತ ಲಿಪ್ಯಂತರದ ಲೋಕಕ್ಕೆ ಸೇರಿದ್ದು. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿಗಳು ದಿನನಿತ್ಯ ಒಂದರ ಮಗ್ಗುಲಲ್ಲಿ ಒಂದು ಕೇಳಿಬರುವ, ಕೃಷ್ಣಾ ಮತ್ತು ಭೀಮಾ ನದಿಗಳ ಸೀಮೆಯ ಈ ನೆಲದಲ್ಲಿ ಕಳೆದ ತಲೆಮಾರಿನ ಮಾತು ಹೇಗಿತ್ತು ಎಂಬುದಕ್ಕೆ ಕಿವಿಗೆ ಕೇಳುವ ಸಾಕ್ಷ್ಯ ಬೇಕೆಂದರೆ ಕಪಾಟಿನೊಳಗಿನ ಕ್ಯಾಸೆಟ್ಟು ಮತ್ತು ಸಿಡಿಗಳನ್ನೇ ನೆಚ್ಚಬೇಕು. ಸಾಕ್ಷ್ಯ ವಿರಳವಾಗಿರುವಲ್ಲಿ ಒಂದು ತಟ್ಟೆಯ ದೋಷ ಒಂದು ಉಪಭಾಷೆಯ ಲಕ್ಷಣವಾಗಿ ಪುಸ್ತಕ ಸೇರುವ ಅಪಾಯ ಹೆಚ್ಚು.

ತಟ್ಟೆಯೊಳಗೆ ಏನಿದೆ

ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿಯಲ್ಲಿ ಗುಳಿಗಳು ಅಚ್ಚಾಗಿರುತ್ತವೆ. ರೈಟ್ ಮಾಡುವ ಸಿಡಿಯಲ್ಲಿ, ಅಂದರೆ 1990ರ 'ಆರೆಂಜ್ ಬುಕ್' ನಿರ್ದಿಷ್ಟತೆ ರೂಪಿಸಿದ ಸಿಡಿ-ಆರ್‌ನಲ್ಲಿ, ಗುಳಿಗಳಿಲ್ಲ. ಸಾವಯವ ಬಣ್ಣದ ಒಂದು ಪದರವಿದೆ. ಬರೆಯುವ ಲೇಸರು ಆ ಬಣ್ಣವನ್ನು ಬಿಸಿಮಾಡಿ ಅಲ್ಲಲ್ಲಿ ಬದಲಿಸುತ್ತದೆ, ಓದುವ ಲೇಸರು ಆ ಬದಲಾವಣೆಯನ್ನು ಗುಳಿಯೆಂದು ಭ್ರಮಿಸುತ್ತದೆ. ಸಯನೀನ್, ಥಾಲೋಸಯನೀನ್, ಆಜೋ ಎಂಬ ಬಣ್ಣಗಳ ಬಾಳಿಕೆ ಬೇರೆಬೇರೆ. ಶಾಖ, ತೇವ ಮತ್ತು ಬೆಳಕು ಎಲ್ಲಕ್ಕೂ ಶತ್ರು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿಯ ತಗಡಿನ ಮಾಡಿನ ಕೋಣೆ ಈ ಬಣ್ಣಗಳಿಗೆ ಹಿತವಾದ ಜಾಗವಲ್ಲ. ಬಣ್ಣದ ಪದರವೂ ಅದರ ಮೇಲಿನ ಪ್ರತಿಫಲಕ ಲೋಹವೂ ಹೆಸರು ಬರೆಯುವ ಬದಿಗೆ ತೀರ ಹತ್ತಿರ, ತೆಳುವಾದ ಮೆರುಗಿನ ಅಡಿಯಲ್ಲಿ ಇರುತ್ತವೆ. ಆದ್ದರಿಂದ ಕೆಳಬದಿಯ 1.2 ಮಿಲಿಮೀಟರ್ ಪಾಲಿಕಾರ್ಬೊನೇಟಿನ ಮೇಲಿನ ಗೀರನ್ನು ಉಜ್ಜಿ ಹೋಗಲಾಡಿಸಬಹುದು. ಬಾಲ್‌ಪೆನ್ನಿನಿಂದ ಒತ್ತಿ ಬರೆದ 'ಸುರಪುರ, ಭಾಗ 2' ಎಂಬ ಹೆಸರು ಮಾಡಿದ ಗಾಯಕ್ಕೆ ಮದ್ದಿಲ್ಲ.

'ಓದಲಾಗುತ್ತಿಲ್ಲ' ಎಂಬ ಒಂದೇ ಮಾತು ಹಲವು ಸ್ಥಿತಿಗಳನ್ನು ಮರೆಮಾಚುತ್ತದೆ. ಕೆಲವು ಸಿಡಿಗಳಲ್ಲಿ ಧ್ವನಿ ಪೂರ್ತಿ ಇದ್ದು, ಮುದ್ರಣ ಮುಗಿಯಿತೆಂದು ಘೋಷಿಸುವ ಕೊನೆಯ ಹಂತ ಮಾತ್ರ ನಡೆದಿರುವುದಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಸಾಕು. ಪರಿವಿಡಿ ಬರೆಯಬೇಕಾದ ಒಳಸುತ್ತು ಖಾಲಿಯಿರುವುದರಿಂದ ಸಾಮಾನ್ಯ ಪ್ಲೇಯರು ತಟ್ಟೆಯೇ ಖಾಲಿ ಎನ್ನುತ್ತದೆ. ಬರೆಯಬಲ್ಲ ಡ್ರೈವಿನಲ್ಲಿಟ್ಟು ಪರಿವಿಡಿಯ ಹಂಗಿಲ್ಲದೆ ಓದಿದರೆ ಇಂಥವು ಬಹುಮಟ್ಟಿಗೆ ಸಂಪೂರ್ಣವಾಗಿ ಮರಳುತ್ತವೆ, ನಮ್ಮ ವಿಮರ್ಶೆಗೆ ಅವು ವಿಷಯವಲ್ಲ. ಬಣ್ಣ ಮಾಸಿದ, ಲೋಹ ಎದ್ದುಹೋದ, ಗೀರುಬಿದ್ದ ತಟ್ಟೆಗಳ ಕತೆ ಬೇರೆ.

ಧ್ವನಿಯ ಸಿಡಿ ಪ್ರತಿ ಸೆಕೆಂಡಿಗೆ 75 ಸೆಕ್ಟರುಗಳಾಗಿ ವಿಂಗಡವಾಗಿದೆ. ಒಂದು ಸೆಕ್ಟರಿನಲ್ಲಿ 2,352 ಬೈಟು, ಅಂದರೆ ಎಡಬಲ ಎರಡೂ ವಾಹಿನಿಗಳಲ್ಲಿ 588 ಮಾದರಿಗಳು, ಕಾಲದಲ್ಲಿ 13.3 ಮಿಲಿಸೆಕೆಂಡು. 80 ನಿಮಿಷದ ತಟ್ಟೆಯೊಂದರಲ್ಲಿ 3,60,000 ಸೆಕ್ಟರುಗಳಿರುತ್ತವೆ. ದೋಷ ತಿದ್ದಲು ಹೆಣೆದ ಸಂಕೇತ ಸುಮಾರು 2.5 ಮಿಲಿಮೀಟರ್ ಉದ್ದದ ಹಾನಿಯನ್ನು ನಷ್ಟವಿಲ್ಲದೆ ತುಂಬಿಕೊಡುತ್ತದೆ. ಅದನ್ನು ಮೀರಿದಾಗ ನಡೆಯುವುದು ಭಾಷಾವಿಜ್ಞಾನಿಗೆ ಮುಖ್ಯ. ಕಡತಗಳನ್ನಿಡುವ ದತ್ತಾಂಶದ ಸಿಡಿಯಲ್ಲಿ ಪ್ರತಿ ಸೆಕ್ಟರಿನ 2,048 ಬೈಟುಗಳ ಮೇಲೆ ಮತ್ತೊಂದು ಸುತ್ತಿನ ಕಾವಲಿದೆ. ಅದೂ ಸೋತರೆ ಡ್ರೈವು 'ಓದಲಾಗದು' ಎಂದು ನೇರವಾಗಿ ಹೇಳುತ್ತದೆ. ಧ್ವನಿಯ ಸಿಡಿಯಲ್ಲಿ ಆ ಎರಡನೆಯ ಕಾವಲಿಲ್ಲ. ಕೇಳುವವರ ಸುಖಕ್ಕಾಗಿ ವಿನ್ಯಾಸಗೊಂಡ ಪ್ಲೇಯರು ಕಳೆದುಹೋದ ಮಾದರಿಗಳನ್ನು ಅಕ್ಕಪಕ್ಕದವುಗಳ ಸರಾಸರಿಯಿಂದ ತುಂಬುತ್ತದೆ, ಅದೂ ಆಗದಿದ್ದರೆ ಮೌನವನ್ನಿಡುತ್ತದೆ. ಹಾಡು ಕೇಳುವವರಿಗೆ ಇದು ಉಪಕಾರ, ಸಾಕ್ಷ್ಯ ಹುಡುಕುವವರಿಗೆ ಅಪಕಾರ. ಅರಗಿನ ಗ್ರಾಮಫೋನ್ ತಟ್ಟೆಯ ಬಿರುಕು ಪ್ರತಿ ಸುತ್ತಿಗೂ ಟಕ್ ಎಂದು ತನ್ನನ್ನು ಸಾರಿಕೊಳ್ಳುತ್ತಿತ್ತು. 1913ರಿಂದ 1929ರ ನಡುವೆ ಗ್ರಿಯರ್ಸನ್ನರ ಸಮೀಕ್ಷೆಗಾಗಿ ಮುದ್ರಿತವಾಗಿ ಇಂದು ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಕೇಳಸಿಗುವ ಧ್ವನಿಗಳಲ್ಲಿ ಸದ್ದುಗದ್ದಲವಿದ್ದರೂ ಮೋಸವಿಲ್ಲ ಎನ್ನುವುದು ಈ ಅರ್ಥದಲ್ಲಿ.

ತುಂಬಿದ ಮಾದರಿಯೂ ಕೇಳುವ ವ್ಯಂಜನವೂ

ಸರಾಸರಿಯಿಂದ ತುಂಬುವಿಕೆ ಎಲ್ಲ ಧ್ವನಿಗಳನ್ನೂ ಸಮನಾಗಿ ನಡೆಸಿಕೊಳ್ಳುವುದಿಲ್ಲ. ಸಂಕೇತದ ಹೆಣಿಗೆಯಲ್ಲಿ ಸಮ ಮತ್ತು ಬೆಸ ಸಂಖ್ಯೆಯ ಮಾದರಿಗಳನ್ನು ದೂರದೂರ ಇಟ್ಟಿರುವುದರಿಂದ, ಹಾನಿಯಾದ ಜಾಗದಲ್ಲಿ ಸಾಮಾನ್ಯವಾಗಿ ಒಂದು ಬಿಟ್ಟು ಒಂದು ಮಾದರಿ ಉಳಿದಿರುತ್ತದೆ. ನಡುವಿನದನ್ನು ಎರಡು ನೆರೆಗಳ ಸರಾಸರಿಯಿಂದ ತುಂಬಿದಾಗ ಅದರ ಪ್ರಮಾಣ ಆವರ್ತನಕ್ಕೆ ತಕ್ಕಂತೆ ಕುಗ್ಗುತ್ತದೆ. ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ ನಾವು ಲೆಕ್ಕಹಾಕಿದರೆ 500 ಹರ್ಟ್ಸಿನಲ್ಲಿ ತುಂಬಿದ ಮಾದರಿ ಮೂಲದ ಶೇಕಡಾ 99ಕ್ಕೂ ಹೆಚ್ಚು, 2,000 ಹರ್ಟ್ಸಿನಲ್ಲಿ ಸುಮಾರು 96, 5,000 ಹರ್ಟ್ಸಿನಲ್ಲಿ ಸುಮಾರು 76, 8,000 ಹರ್ಟ್ಸಿನಲ್ಲಿ ಸುಮಾರು 42 ಮಾತ್ರ. 11,025 ಹರ್ಟ್ಸಿನಲ್ಲಿ ಸೊನ್ನೆ. ಕುಗ್ಗಿದ ಪಾಲು ಮಾಯವಾಗುವುದೂ ಇಲ್ಲ, ಮೇಲಿನ ಆವರ್ತನಗಳಲ್ಲಿ ಇಲ್ಲದ ಸದ್ದಾಗಿ ಕಾಣಿಸಿಕೊಳ್ಳುತ್ತದೆ.

ಇದರ ಫಲ ಕನ್ನಡಕ್ಕೆ ಅನ್ವಯಿಸಿ ನೋಡಿದರೆ ಹೀಗೆ. ಸ್ವರಗಳ ಗುಣವನ್ನು ನಿರ್ಧರಿಸುವ ಮೊದಲೆರಡು ಅನುರಣನ ಪಟ್ಟಿಗಳು ಸುರಕ್ಷಿತ ವಲಯದಲ್ಲಿವೆ. ಆದ್ದರಿಂದ ಉತ್ತರ ಕರ್ನಾಟಕದ ಮಾತಿನಲ್ಲಿ ಪದಾಂತ್ಯದ ಎಕಾರ ನಾಮಪದಗಳಲ್ಲಿ ಇಕಾರವಾಗುವುದನ್ನು ('ಮನೆ' ಎಂಬುದು 'ಮನಿ'), ಕ್ರಿಯಾಪದಗಳಲ್ಲಿ ಅಕಾರವಾಗುವುದನ್ನು ('ಮಾಡ್ತಾನೆ' ಎಂಬುದು 'ಮಾಡ್ತಾನ') ಹಾನಿಗೊಂಡ ತಟ್ಟೆಯಿಂದಲೂ ತಕ್ಕಷ್ಟು ಧೈರ್ಯದಿಂದ ಹೇಳಬಹುದು. ಮೂರ್ಧನ್ಯಗಳ ಮುಖ್ಯ ಸುಳಿವೂ ಮೂರನೆಯ ಪಟ್ಟಿಯ ಇಳಿತವಾದ್ದರಿಂದ 'ಳ', 'ಣ'ಗಳ ಸ್ಥಿತಿ ತೀರ ಕೆಡುವುದಿಲ್ಲ. ಸಕಾರ ಶಕಾರಗಳ ವಿಷಯದಲ್ಲಿ ಹಾಗಲ್ಲ. ಸಕಾರದ ಕಸುವೆಲ್ಲ ನಾಲ್ಕು ಸಾವಿರ ಹರ್ಟ್ಸಿನ ಆಚೆ. 'ಶ' ಮತ್ತು 'ಸ' ಒಂದಾಗಿವೆಯೇ, ಯಾವ ವಯಸ್ಸಿನವರಲ್ಲಿ, ಯಾವ ಸಮುದಾಯದಲ್ಲಿ, ಉರ್ದು ಬಲ್ಲವರಲ್ಲಿ ಎಷ್ಟು ಎಂಬ ಪ್ರಶ್ನೆಯನ್ನು ಈ ಪ್ರದೇಶದಲ್ಲಿ ಕೇಳದೆ ಇರಲಾಗುವುದಿಲ್ಲ. ತುಂಬಿದ ಮಾದರಿಗಳಿರುವ ಭಾಗದಲ್ಲಿ ಸಕಾರದ ಗುರುತ್ವಕೇಂದ್ರವನ್ನು ಅಳೆದು ಉತ್ತರ ಹೇಳುವುದು ಭಾಷೆಯನ್ನು ಅಳೆದಂತೆ ಅಲ್ಲ, ತಟ್ಟೆಯನ್ನು ಅಳೆದಂತೆ.

ಮೌನವಿಟ್ಟಲ್ಲಿ ಇನ್ನೊಂದು ತೊಡಕು. ಅಘೋಷ ಸ್ಪರ್ಶವೆಂದರೆ ಅಲೆಯಲ್ಲಿ ಕಾಣುವುದು ಒಂದು ಮೌನ, ಆಮೇಲೊಂದು ಸ್ಫೋಟ. ಸ್ಫೋಟದ ಅವಧಿ ಎಷ್ಟೋ ಸಲ ಒಂದೇ ಸೆಕ್ಟರಿನೊಳಗೆ ಮುಗಿಯುತ್ತದೆ. ಒಂಟಿ ವ್ಯಂಜನಕ್ಕೂ ದ್ವಿತ್ವಕ್ಕೂ ಇರುವ ಅಂತರ ಮುಖ್ಯವಾಗಿ ಆ ಮೌನದ ಉದ್ದ. ದ್ವಿತ್ವದ್ದು ಒಂಟಿಯದಕ್ಕಿಂತ ಒಂದೂವರೆಯಿಂದ ಮೂರು ಪಟ್ಟು ಎಂಬುದು ಹಲವು ಭಾಷೆಗಳಲ್ಲಿ ಕಂಡ ವ್ಯಾಪ್ತಿ. ಈ ಭಾಗದ ಮಾತಿನಲ್ಲಿ 'ಕಥೆ' ಮಹಾಪ್ರಾಣ ಕಳೆದುಕೊಂಡು 'ಕತಿ' ಆಗುತ್ತದೆ, 'ಕತ್ತೆ' 'ಕತ್ತಿ' ಆಗುತ್ತದೆ. ಇವೆರಡರ ನಡುವೆ ಉಳಿದಿರುವುದು ತಕಾರದ ಉದ್ದವೊಂದೇ. ಆರು ಸೆಕ್ಟರುಗಳ ಕೃತಕ ಮೌನ, ಅಂದರೆ 80 ಮಿಲಿಸೆಕೆಂಡು, ಒಂದು 'ಕತಿ'ಯನ್ನು 'ಕತ್ತಿ' ಮಾಡಲು ಸಾಕು. ಕೇಳುಗ ಸಂದರ್ಭದಿಂದ ಅರ್ಥ ತಿದ್ದಿಕೊಳ್ಳಬಹುದು. ಅವಧಿಗಳ ಕೋಷ್ಟಕ ತಿದ್ದಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಓದಲಾಗದ ಸೆಕ್ಟರುಗಳನ್ನು ಸದ್ದಿಲ್ಲದೆ ಹಾರಿಸಿ, ಉಳಿದದ್ದನ್ನು ಹತ್ತಿರ ತಂದು ಜೋಡಿಸುವ ಪದ್ಧತಿ. ಅವಸರದ ಮರುಗಳಿಕೆಯಲ್ಲಿ ಇದು ಆಗುತ್ತದೆ. ಕಲಬುರಗಿ, ಬೀದರ, ಯಾದಗಿರಿ ಸೀಮೆಯಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವ ರೂಪಗಳಲ್ಲಿ 'ಮಾಡ್ಲಕತ್ತಾನ' ಎಂಬ ಬಗೆಯೂ ಇದೆ, 'ಮಾಡ್ಲತ್ತಾನ' ಎಂಬ ಬಗೆಯೂ ಇದೆ. ಎರಡನೆಯದು ಮೊದಲನೆಯದರಿಂದ ಒಂದು ಅಕ್ಷರ ಕಳೆದು ಹುಟ್ಟಿದ್ದು. ಎಲ್ಲಿ, ಯಾರ ಮಾತಿನಲ್ಲಿ, ಯಾವಾಗ ಕಳೆಯಿತು ಎಂಬುದು ವ್ಯಾಕರಣೀಕರಣದ ಚರಿತ್ರೆಗೂ ಉಪಭಾಷೆಗಳ ನಕ್ಷೆಗೂ ಬೇಕಾದ ಸಂಗತಿ. ಆ 'ಕ' ಎಂಬ ಒಂದು ಅಕ್ಷರಕ್ಕೆ ಸಾಧಾರಣ ವೇಗದ ಮಾತಿನಲ್ಲಿ ಸುಮಾರು ಹತ್ತು ಸೆಕ್ಟರು ಸಾಕು. ಹತ್ತು ಸೆಕ್ಟರು ಹಾರಿಹೋದ ತಟ್ಟೆಯನ್ನು 'ಶೇಕಡಾ 99.997ರಷ್ಟು ಮರಳಿ ಪಡೆಯಲಾಗಿದೆ' ಎಂದು ವರದಿ ಮಾಡಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಕಳೆದ 0.003ರಲ್ಲಿ ಒಂದು ಸಮರೂಪರೇಖೆ ಸುರಪುರದಿಂದ ಶಹಾಪುರಕ್ಕೆ ಸರಿದುಹೋಗಿರಬಹುದು. ಶೇಕಡಾವಾರು ಮರುಗಳಿಕೆ ಎಂಬ ಅಳತೆಗೋಲನ್ನೇ ನಾವು ಒಪ್ಪದಿರುವುದು ಈ ಕಾರಣಕ್ಕೆ.

ನಷ್ಟಕ್ಕೂ ಒಂದು ದಿಕ್ಕಿದೆ

ಹಾನಿ ಎಲ್ಲೆಡೆ ಸಮನಾಗಿ ಹರಡಿದ್ದರೆ ಹೆಚ್ಚು ಉದಾಹರಣೆಗಳನ್ನು ಸೇರಿಸಿ ಅದನ್ನು ದಾಟಬಹುದಿತ್ತು. ಸಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯಲಾಗುತ್ತದೆ. ಬೆರಳು ತಾಗುವುದು, ಅಂಚಿನಿಂದ ತೇವ ನುಗ್ಗುವುದು, ಅಂಟಿಸಿದ ಲೇಬಲಿನಿಂದ ತಟ್ಟೆ ಓಲಾಡುವುದು ಹೆಚ್ಚಾಗಿ ಬಾಧಿಸುವುದು ಹೊರಗಿನ ಸುತ್ತುಗಳನ್ನು. ಉಪಭಾಷಾ ಕ್ಷೇತ್ರಕಾರ್ಯದ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲು ಹೆಸರು, ಊರು, ವಯಸ್ಸು, ಆಮೇಲೆ ಪದಪಟ್ಟಿ, ನಂತರ ವಾಕ್ಯಗಳು, ಮಾತುಗಾರರ ಸಂಕೋಚ ಕಳೆದ ಮೇಲೆ ಕೊನೆಗೆ ಕತೆ, ಹರಟೆ. ಹೀಗೆ ಒಳಸುತ್ತಿನಲ್ಲಿ ಎಚ್ಚರದ ಮಾತು ಸುರಕ್ಷಿತವಾಗಿರುತ್ತದೆ, ಹೊರಸುತ್ತಿನಲ್ಲಿ ಸಹಜವಾದ ಮಾತು ಅಳಿಯುತ್ತದೆ. ಮಾತಿನ ಮೇಲಿನ ಗಮನ ಕಡಿಮೆಯಾದಂತೆ ಆಡುಮಾತಿನ ನಿಜರೂಪ ಹೊರಬರುತ್ತದೆ ಎಂಬುದು ಲಬೋವ್ ಅವರಿಂದೀಚೆಗೆ ಎಲ್ಲರೂ ಬಲ್ಲ ಮಾತು. ಮರುಗಳಿಸಿದ ತಟ್ಟೆಗಳನ್ನು ಮಾತ್ರ ಆಧರಿಸಿ, ಹಿಂದಿನ ತಲೆಮಾರು ಇಂದಿನವರಿಗಿಂತ ಗ್ರಾಂಥಿಕಕ್ಕೆ ಹತ್ತಿರವಾಗಿ ಮಾತಾಡುತ್ತಿತ್ತು ಎಂಬ ತೀರ್ಮಾನಕ್ಕೆ ಬರುವವರು ಮೊದಲು ಆ ಮಾತು ತಟ್ಟೆಯ ಯಾವ ಸುತ್ತಿನಿಂದ ಬಂತೆಂದು ಹೇಳಬೇಕಾಗುತ್ತದೆ.

ಹಾಡಿಗೂ ಮಾತಿಗೂ ಇಲ್ಲಿ ಅಂತರವಿದೆ. ಈ ಸೀಮೆಯಲ್ಲಿ ಮೊಹರಮ್ಮಿಗೆ ಹಾಡುವ ರಿವಾಯತ್ ಪದಗಳಲ್ಲಾಗಲಿ ತತ್ವಪದಗಳಲ್ಲಾಗಲಿ ಪಲ್ಲವಿ ಮರಳಿ ಮರಳಿ ಬರುತ್ತದೆ, ಹಿಮ್ಮೇಳ ಅದನ್ನೇ ಎತ್ತಿಕೊಳ್ಳುತ್ತದೆ. ಒಂದು ಸಲ ಕಳೆದದ್ದನ್ನು ಮತ್ತೊಂದು ಸಲದ್ದರಿಂದ ಪರಿಶೀಲಿಸಬಹುದು, ಬೇರೆ ಊರಿನ ಮೇಳದಿಂದ ಪಾಠಾಂತರವನ್ನೂ ಪಡೆಯಬಹುದು. ಹರಟೆಗೆ ಅಂಥ ಎರಡನೆಯ ಪ್ರತಿಯಿಲ್ಲ.

ಸನ್ನತಿಯ ಕಲ್ಲು ಕಲಿಸುವುದು

ಶಹಾಪುರಕ್ಕೆ ದೂರವಲ್ಲದ, ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಕಲ್ಲನ್ನು ಯಾವುದೋ ಕಾಲದಲ್ಲಿ ದೇವಿಯ ಮೂರ್ತಿಗೆ ಪೀಠವಾಗಿ ಬಳಸಿ, ಮೂರ್ತಿಯನ್ನು ನಿಲ್ಲಿಸಲು ನಡುವೆ ರಂಧ್ರ ಕೊರೆಯಲಾಗಿತ್ತು. ಆ ರಂಧ್ರದಲ್ಲಿ ಅಕ್ಷರಗಳು ಹೋಗಿವೆ. ಅಲ್ಲಿನ ಪ್ರತ್ಯೇಕ ಶಾಸನಗಳ ಪಾಠ ಒಡಿಶಾದ ಧೌಲಿ, ಜೌಗಡಗಳಲ್ಲಿಯೂ ಇರುವುದರಿಂದ ವಿದ್ವಾಂಸರು ಕಳೆದ ಭಾಗಗಳನ್ನು ಹೋಲಿಕೆಯಿಂದ ಊಹಿಸಬಲ್ಲರು. ಹಾಗೆ ಊಹಿಸಿದ್ದನ್ನು ಕಂಸದೊಳಗಿಟ್ಟು, ಕಲ್ಲಿನಲ್ಲಿ ಕಾಣುವುದನ್ನು ಹೊರಗಿಡುತ್ತಾರೆ. ರೈಸ್ ಅವರ ಕಾಲದಿಂದಲೂ ಶಾಸನ ಸಂಪುಟಗಳನ್ನು ಓದಿ ಬೆಳೆದ ಕನ್ನಡ ವಿದ್ವತ್ತಿಗೆ ತ್ರುಟಿತ ಅಕ್ಷರದ ಜಾಗದಲ್ಲಿ ಚುಕ್ಕಿಯಿಡುವುದು ಎರಡನೆಯ ಸ್ವಭಾವ. ಅದೇ ವಿದ್ವಾಂಸ ಧ್ವನಿಕಡತ ಕೈಗೆ ಬಂದಾಗ ಚುಕ್ಕಿಗಳನ್ನು ಕೇಳುವುದಿಲ್ಲ ಎಂಬುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಧೌಲಿಯಂಥ ಇನ್ನೊಂದು ಪ್ರತಿ ಇಲ್ಲದ ಕಡೆಯಲ್ಲಿ ಚುಕ್ಕಿಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ನಮ್ಮ ಕ್ಷೇತ್ರದ ಮಾರ್ಗದರ್ಶಿ ಬರಹಗಳು ಈ ಕೊರತೆಯನ್ನು ಪೂರ್ತಿಯಾಗಿ ತುಂಬಿಲ್ಲ. ಹಿಮ್ಮೆಲ್‌ಮನ್ ಅವರ 1998ರ ಲೇಖನ ದಾಖಲೀಕರಣವನ್ನು ವಿವರಣೆಯಿಂದ ಬೇರ್ಪಡಿಸಿ ಪ್ರಾಥಮಿಕ ದತ್ತಕ್ಕೆ ಸ್ವತಂತ್ರ ಬೆಲೆ ತಂದಿತು. ಬರ್ಡ್ ಮತ್ತು ಸೈಮನ್ಸ್ 2003ರಲ್ಲಿ ಮುಂದಿಟ್ಟ ಏಳು ಆಯಾಮಗಳಲ್ಲಿ (ಒಳವಸ್ತು, ರೂಪ, ಶೋಧ, ಲಭ್ಯತೆ, ಉಲ್ಲೇಖ, ಸಂರಕ್ಷಣೆ, ಹಕ್ಕು) ದತ್ತದ ಬಾಳಿಕೆಯ ಚಿಂತನೆ ಗಂಭೀರವಾಗಿದೆ. ಆದರೆ ಒಂದೇ ಕಡತದೊಳಗೆ ಕೆಲವು ಮಿಲಿಸೆಕೆಂಡುಗಳು ಸಾಕ್ಷ್ಯ, ಕೆಲವು ಊಹೆ ಎಂಬ ಸ್ಥಿತಿಗೆ ಆ ಏಳರಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಬೆರೆಜ್-ಕ್ರೋಕರ್ ಮತ್ತು ಸಂಗಡಿಗರು 2018ರಲ್ಲಿ ಮಂಡಿಸಿದ ಪುನರುತ್ಪಾದ್ಯತೆಯ ನಿಲುವು, ಉದಾಹರಣೆಯಿಂದ ಮೂಲದತ್ತದವರೆಗೆ ಹಿಂದಿರುಗುವ ದಾರಿಯನ್ನು ಕೇಳುತ್ತದೆ. ಆ ದಾರಿ ಮರುಗಳಿಸಿದ ಕಡತದ ಬಾಗಿಲಲ್ಲಿ ನಿಂತುಬಿಟ್ಟರೆ ಅರ್ಧವೇ ನಡೆದಂತೆ. ಧ್ವನಿ ಭಂಡಾರಗಳ ಅಂತಾರಾಷ್ಟ್ರೀಯ ಸಂಘ ಐಎಎಸ್ಎಯ ನಾಲ್ಕನೆಯ ತಾಂತ್ರಿಕ ಕೈಪಿಡಿ ವರ್ಗಾವಣೆಯ ದಾಖಲೆಗೆ ಒತ್ತು ಕೊಡುತ್ತದೆ. ಅದು ಭಂಡಾರಿಗಳಿಗಾಗಿ ಬರೆದದ್ದು, ಸ್ಫೋಟದ ಅವಧಿಯನ್ನು ಅಳೆಯುವವರನ್ನು ಎದುರಿಗಿಟ್ಟುಕೊಂಡದ್ದಲ್ಲ. ಕೊನೆಯ ಹೊಣೆ ಬಳಸುವವರದೇ.

ಏನೂ ಇಲ್ಲದಿರುವುದಕ್ಕಿಂತ ಏನೋ ಒಂದು ದಕ್ಕಿತಲ್ಲ ಎಂಬ ಉತ್ತರ ಬರುತ್ತದೆ. ಪದಕೋಶಕ್ಕೆ, ಕತೆಯ ಆಶಯಕ್ಕೆ, ವಾಕ್ಯರಚನೆಯ ಬಹುಭಾಗಕ್ಕೆ ಈ ಉತ್ತರ ಸರಿ. ಮಾತಾಡಿದವರ ಮನೆಯವರಿಗೆ ಅಜ್ಜಿಯ ದನಿ ಮತ್ತೆ ಕೇಳುವುದಕ್ಕಂತೂ ಯಾವ ಷರತ್ತೂ ಬೇಡ. ಧ್ವನಿವಿಜ್ಞಾನಕ್ಕೆ ಅದು ಸಾಲದು.

ಹೊಸದೊಂದು ಅಪಾಯ ಈಗ ಸೇರಿಕೊಂಡಿದೆ. ಕಳೆದ ಧ್ವನಿಯನ್ನು ಸರಾಸರಿಯ ಬದಲು ಕಲಿತ ಮಾದರಿಯಿಂದ ತುಂಬುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಅವು ತುಂಬಿದ ಜಾಗ ಕಿವಿಗೆ ಗೊತ್ತಾಗುವುದಿಲ್ಲ. ಯಂತ್ರ ಯಾವ ಮಾತಿನಿಂದ ಕಲಿತಿದೆಯೋ ಆ ಮಾತಿನಿಂದಲೇ ತುಂಬುತ್ತದೆ. ವಾರ್ತೆಯ ಕನ್ನಡವನ್ನೂ ಬೆಂಗಳೂರಿನ ಕನ್ನಡವನ್ನೂ ಹೆಚ್ಚಾಗಿ ಕೇಳಿ ಬೆಳೆದ ಯಂತ್ರ ಸುರಪುರದ ಮಾತಿನ ಬಿರುಕಿಗೆ ಯಾವ ಗಾರೆ ಮೆತ್ತೀತು ಎಂಬುದು ಊಹೆಗೆ ನಿಲುಕದ್ದಲ್ಲ. ಸರಾಸರಿಯ ತುಂಬುವಿಕೆ ಸಕಾರವನ್ನು ಮಂಕಾಗಿಸುತ್ತದೆ; ಇದು ಉಪಭಾಷೆಯನ್ನೇ ಪ್ರಮಾಣಭಾಷೆಯ ಕಡೆಗೆ ತಿರುಗಿಸುತ್ತದೆ. ಮನೆಯವರಿಗೆ ಕೊಡುವ ಪ್ರತಿಯಲ್ಲಿ ಇದನ್ನು ಬಳಸಲು ಅಡ್ಡಿಯಿಲ್ಲ. ಅಧ್ಯಯನದ ಪ್ರತಿಯಲ್ಲಿ ಇದಕ್ಕೆ ಜಾಗವಿಲ್ಲ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಮಾಡಬಹುದಾದದ್ದು

ಬೇಕಾದ ಸಾಧನಗಳು ಈಗಾಗಲೇ ಇವೆ. ಸಿಡಿಪ್ಯಾರನೋಯ, ಎಕ್ಸಾಕ್ಟ್ ಆಡಿಯೋ ಕಾಪಿ ಮುಂತಾದ ತಂತ್ರಾಂಶಗಳು ಒಂದೇ ಜಾಗವನ್ನು ಪದೇಪದೇ ಓದಿ ಹೋಲಿಸಿ, ಹೊಂದದ ಸ್ಥಳಗಳನ್ನು ಕಾಲಸಹಿತ ಗುರುತಿಸುತ್ತವೆ. ಡ್ರೈವಿನಿಂದ ಡ್ರೈವಿಗೆ ಓದುವ ಶಕ್ತಿ ಬೇರೆಯಾದ್ದರಿಂದ ಎರಡು ಮೂರು ಡ್ರೈವುಗಳಲ್ಲಿ, ಕಡಿಮೆ ವೇಗದಲ್ಲಿ ಓದಿ ಫಲಗಳನ್ನು ಹೋಲಿಸುವುದು ಹಲವು ಓಲೆಪ್ರತಿಗಳನ್ನು ಹೋಲಿಸುವ ಕೆಲಸದ ಮರುರೂಪವೇ. ಬಹುಮತದ ಓದು ಯಾವಾಗಲೂ ಸರಿಯಲ್ಲ ಎಂಬ ಪಾಠವನ್ನೂ ಗ್ರಂಥಸಂಪಾದನೆಯಿಂದ ತೆಗೆದುಕೊಳ್ಳಬೇಕು, ಒಂದೇ ಡ್ರೈವು ಒಂದೇ ತಪ್ಪನ್ನು ಹತ್ತು ಸಲ ಮಾಡಬಲ್ಲದು. ಹೀಗೆ ದೊರೆತ ದೋಷಗಳ ಪಟ್ಟಿ ಇಂದು ಬಹುತೇಕ ತಂತ್ರಜ್ಞರ ಗಣಕದಲ್ಲಿಯೇ ಉಳಿದು ಅಳಿಸಿಹೋಗುತ್ತದೆ. ಅದನ್ನು ಈಲಾನ್ ಅಥವಾ ಪ್ರಾಟ್‌ನ ಟಿಪ್ಪಣಿಯಲ್ಲಿ ಒಂದು ಪ್ರತ್ಯೇಕ ಸಾಲಾಗಿ, ಲಿಪ್ಯಂತರದ ಕೆಳಗೇ ಇಡಬಹುದು: ಇಲ್ಲಿಂದ ಇಲ್ಲಿಯವರೆಗೆ ಓದಿದ್ದು, ಇಲ್ಲಿ ತುಂಬಿದ್ದು, ಇಲ್ಲಿ ಮೌನವಿಟ್ಟದ್ದು. ಕಳೆದ ಸೆಕ್ಟರುಗಳನ್ನು ಹಾರಿಸದೆ ಅಷ್ಟೇ ಕಾಲದ ಮೌನದಿಂದ ಹಿಡಿದಿಟ್ಟರೆ ಅವಧಿಯ ಅಳತೆ ಕೆಡುವುದಿಲ್ಲ. ಅಳತೆ ತೆಗೆಯುವಾಗ ಗುರುತಾದ ಜಾಗಗಳನ್ನು ಬಿಟ್ಟು ಎಷ್ಟು ಉದಾಹರಣೆಗಳು ಉಳಿದವೆಂದು ಕೋಷ್ಟಕದಲ್ಲಿ ಒಂದು ಅಂಕಣ ಹೇಳಿದರೆ ಸಾಕು. ಪಿಎಚ್.ಡಿ. ಪ್ರಬಂಧದ ಪರೀಕ್ಷಕರು ಈ ಅಂಕಣವನ್ನು ಕೇಳತೊಡಗಿದರೆ ರೂಢಿ ಬೇಗ ಬೇರೂರುತ್ತದೆ.

ತಟ್ಟೆಯ ಮೇಲಿನ ಬರಹವೂ ಪಾಠದ ಭಾಗ. 2010ರಲ್ಲಿ ಯಾದಗಿರಿ ಜಿಲ್ಲೆ ಆಗುವ ಮೊದಲಿನ ತಟ್ಟೆಗಳ ಮೇಲೆ 'ಗುಲ್ಬರ್ಗಾ ಜಿಲ್ಲೆ' ಎಂದಿರುತ್ತದೆ. ಆ ಜಿಲ್ಲೆಯ ಹೆಸರು 2014ರಿಂದ ಕಲಬುರಗಿ. ಮೆಡೋಸ್ ಟೇಲರನ ಕಾಲದ ಇಂಗ್ಲಿಷ್ ಬರಹಗಳ ಶೋರಾಪುರವೇ ಇಂದಿನ ಸುರಪುರ. ಬರಿಯ 'ಶಹಾಪುರ' ಎಂದರೆ ಬೆಳಗಾವಿಯ ಶಹಾಪುರವೂ ಆಗಬಹುದು, ಮಹಾರಾಷ್ಟ್ರದ ಠಾಣೆ ಜಿಲ್ಲೆಯದೂ ಆಗಬಹುದು. ಹೊಸ ಸೂಚಿಯಲ್ಲಿ ಇಂದಿನ ಹೆಸರನ್ನು ಸೇರಿಸುವಾಗ ಹಳೆಯದನ್ನು ತಿದ್ದಬಾರದು, ತಟ್ಟೆಯ ಎರಡೂ ಬದಿಗಳ ಚಿತ್ರವನ್ನು ಕಡತದ ಜೊತೆಗಿಡಬೇಕು. ಧ್ವನಿ ದೊರೆತ ಮೇಲೆ ಮೂಲ ತಟ್ಟೆಯನ್ನು ಎಸೆಯುವುದು ಇನ್ನೂ ಸಾಮಾನ್ಯವಾಗಿರುವುದರಿಂದ ಒಂದು ಮಾತು: ಇಂದಿನ ಡ್ರೈವು ಸೋತ ಸೆಕ್ಟರುಗಳ ಮೇಲೆ ನಾಳೆಯ ಸಾಧನಕ್ಕೆ ಅವಕಾಶ ಸಿಗಬೇಕಾದರೆ ಆ ತಟ್ಟೆ ಕತ್ತಲಲ್ಲಿ, ತಂಪಿನಲ್ಲಿ, ಪೆಟ್ಟಿಗೆಯೊಳಗೆ ನೆಟ್ಟಗೆ ನಿಂತಿರಬೇಕು. ಅದರ ದೋಷಗಳ ಪಟ್ಟಿ ಅದರ ಜೊತೆಗೇ ಇರಬೇಕು.